ಗೃಹಬಳಕೆಯ ಗೀಸರ್ ವೈರಿಂಗ್

ಗೀಸರ್ ವೈರಿಂಗ್ ಎಂದರೆ ಮನೆಯ ಸ್ನಾನದ ಕೋಣೆಯಲ್ಲಿ ನೀರು ಕಾಯಿಸುವ ವಿದ್ಯುತ್ ಸಾಧನಕ್ಕೆ ಮುಖ್ಯ ವಿತರಣಾ ಪೆಟ್ಟಿಗೆಯಿಂದ ಪ್ರತ್ಯೇಕವಾಗಿ ಎಳೆಯುವ ತಂತಿಗಳು, ಅವುಗಳ ರಕ್ಷಣಾ ಸಾಧನಗಳು, ಸ್ವಿಚ್ಚು ಮತ್ತು ಭೂಸಂಪರ್ಕ ಇವೆಲ್ಲವೂ ಸೇರಿದ ವ್ಯವಸ್ಥೆ. ಬ್ರಿಟನ್, ಬ್ರೆಜಿಲ್ ಮುಂತಾದ ದೇಶಗಳಲ್ಲಿ ಇದೇ ಕೆಲಸಕ್ಕೆ ಎಲೆಕ್ಟ್ರಿಕ್ ಶವರ್ ಬಳಕೆಯಲ್ಲಿದೆ. ಕರ್ನಾಟಕದಲ್ಲಿ ಶೇಖರಣಾ ಗೀಸರ್, ತತ್‌ಕ್ಷಣ ನೀರು ಕಾಯಿಸುವ ಇನ್‌ಸ್ಟಂಟ್ ಗೀಸರ್ ಹಾಗೂ ಬಕೆಟ್ಟಿನಲ್ಲಿ ಮುಳುಗಿಸುವ ಕಾಯಿಲ್ ಬಳಕೆಯಲ್ಲಿವೆ. ನೀರು, ಒದ್ದೆಯಾದ ಬರಿಮೈ ಮತ್ತು ವಿದ್ಯುತ್ತು ಒಂದೇ ಜಾಗದಲ್ಲಿ ಸೇರುವುದರಿಂದ ಮನೆಯ ಉಳಿದ ವೈರಿಂಗಿಗಿಂತ ಇದರಲ್ಲಿ ಜೀವಾಪಾಯ ಹೆಚ್ಚು. ಭಾರತದಲ್ಲಿ ಗೀಸರಿನ ತಂತಿಯನ್ನು ಹೊಸದಾಗಿ ಎಳೆಯುವ ಅಥವಾ ಬದಲಿಸುವ ಕೆಲಸವನ್ನು ಮನೆಯ ಮಾಲೀಕನು ತಾನೇ ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ; ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರನ ಮೂಲಕವೇ ಅದು ನಡೆಯಬೇಕು.

ಹಿನ್ನೆಲೆ

ಯಾದಗಿರಿ, ಶಹಾಪುರ ಮತ್ತು ಸುರಪುರ ಭಾಗದ ಹಳ್ಳಿಗಳಲ್ಲಿ ಸ್ನಾನದ ನೀರನ್ನು ಬಚ್ಚಲ ಒಲೆಯ ಮೇಲಿನ ತಾಮ್ರದ ಹಂಡೆಯಲ್ಲಿ ಕಾಯಿಸುವುದು ಹಳೆಯ ಪದ್ಧತಿ. ತೊಗರಿ ಹೆಚ್ಚಾಗಿ ಬೆಳೆಯುವ ಪ್ರದೇಶವಾದ್ದರಿಂದ ರಾಶಿಯ ನಂತರ ಉಳಿಯುವ ತೊಗರಿ ಕಟ್ಟಿಗೆಯೇ ಇಲ್ಲಿ ಉರುವಲು. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯಲ್ಲಿ ಬಿಸಿನೀರಿನ ಅಗತ್ಯ ಮುಖ್ಯವಾಗಿ ಚಳಿಗಾಲದ ಬೆಳಗುಗಳಿಗೆ ಮತ್ತು ಬಾಣಂತಿ, ಕೂಸು, ವೃದ್ಧರಿರುವ ಮನೆಗಳಿಗೆ ಸೀಮಿತ. ವರ್ಷದಲ್ಲಿ ಕೆಲವೇ ತಿಂಗಳು ಬಳಕೆಯಾಗುವ ಸಾಧನಕ್ಕೆ ಪ್ರತ್ಯೇಕ ತಂತಿ ಎಳೆಸುವ ಖರ್ಚು ಅನಾವಶ್ಯಕವೆಂಬ ಭಾವನೆ ಬೆಳೆಯಲು ಇದೂ ಒಂದು ಕಾರಣ. ಒಲೆಯ ಜಾಗಕ್ಕೆ ಮೊದಲು ಬಂದದ್ದು ಅಗ್ಗದ ಕಾಯಿಲ್, ಆಮೇಲೆ ಗೀಸರ್. ದೀಪ ಮತ್ತು ಫ್ಯಾನಿಗೆಂದು ಹಾಕಿದ ಹಳೆಯ ತಂತಿಗಳ ಮೇಲೆಯೇ ಇವೆರಡರ ಹೊರೆಯೂ ಬಿದ್ದಿತು.

ಕಡೇಚೂರು ಯಾದಗಿರಿ ತಾಲ್ಲೂಕಿನ ಗ್ರಾಮ. ಅಲ್ಲಿಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶದಿಂದಾಗಿ ಊರಿನ ಹೆಸರು ಹೊರಗೂ ಪರಿಚಿತವಾಗಿದೆ. ಯಾದಗಿರಿ ಜಿಲ್ಲೆಗೆ ವಿದ್ಯುತ್ ಪೂರೈಸುವುದು ಕಲಬುರಗಿಯಲ್ಲಿ ಕೇಂದ್ರ ಕಚೇರಿಯುಳ್ಳ ಗುಲ್ಬರ್ಗಾ ವಿದ್ಯುಚ್ಛಕ್ತಿ ಸರಬರಾಜು ಕಂಪನಿ ನಿಯಮಿತ. ಜನಬಳಕೆಯಲ್ಲಿ ಜೆಸ್ಕಾಂ ಎಂದು ಕರೆಯಲ್ಪಡುವ ಈ ಕಂಪನಿ 2002ರಲ್ಲಿ ಕಾರ್ಯಾರಂಭ ಮಾಡಿತು. ಕಾರ್ಖಾನೆಗಳ ಉನ್ನತ ಒತ್ತಡದ ಸ್ಥಾವರಗಳನ್ನು ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದ ಅಧಿಕಾರಿಗಳು ಪರಿಶೀಲಿಸುತ್ತಾರೆ. ಅದೇ ಊರಿನ ಚಿಕ್ಕ ಮನೆಯೊಂದರ ವೈರಿಂಗಿಗೆ ಅಂಥ ಪರಿಶೀಲನೆ ಸಾಮಾನ್ಯವಾಗಿ ಇರುವುದಿಲ್ಲ. ಸಂಪರ್ಕ ಪಡೆಯುವಾಗ ಗುತ್ತಿಗೆದಾರನು ಸಹಿ ಮಾಡಿ ಕೊಡುವ ಪರೀಕ್ಷಾ ವರದಿಯೇ ಅಲ್ಲಿ ಆಧಾರ. ಆ ವರದಿಯ ನಂತರ ಮನೆಯವರು ಸೇರಿಸಿಕೊಂಡ ಪಾಯಿಂಟುಗಳು ಯಾರ ಗಮನಕ್ಕೂ ಬರುವುದಿಲ್ಲ. ಹೀಗೆ ಸೇರಿಕೊಂಡ ಪಾಯಿಂಟುಗಳಲ್ಲಿ ಗೀಸರಿನಷ್ಟು ಪ್ರವಾಹ ಎಳೆಯುವುದು ಬೇರೊಂದಿಲ್ಲ.

ಕಾನೂನು

ಭಾರತೀಯ ವಿದ್ಯುಚ್ಛಕ್ತಿ ನಿಯಮಗಳು 1956ರ 45ನೆಯ ನಿಯಮವು ವಿದ್ಯುತ್ ಅಳವಡಿಕೆಯ ಕೆಲಸವನ್ನು ಯಾರು ಮಾಡಬಹುದು ಎಂಬುದನ್ನು ಗೊತ್ತುಪಡಿಸಿತ್ತು. ವಿದ್ಯುಚ್ಛಕ್ತಿ ಕಾಯ್ದೆ 2003 ಜಾರಿಯಾದ ಮೇಲೆ ಕೇಂದ್ರೀಯ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಸುರಕ್ಷತೆ ಮತ್ತು ವಿದ್ಯುತ್ ಪೂರೈಕೆಗೆ ಸಂಬಂಧಿಸಿದ ನಿಯಮಾವಳಿಯನ್ನು ಹೊರಡಿಸಿತು; ಅದರ 29ನೆಯ ನಿಯಮದಲ್ಲಿ ಇದೇ ತತ್ತ್ವ ಮುಂದುವರಿಯಿತು. 2010ರ ನಿಯಮಾವಳಿಯ ಜಾಗದಲ್ಲಿ 2023ರ ನಿಯಮಾವಳಿ ಬಂದಿದೆ.

ಈ ನಿಯಮಗಳ ಸಾರ ಸರಳವಾದದ್ದು. ಹೊಸ ಅಳವಡಿಕೆ, ಸೇರ್ಪಡೆ, ಮಾರ್ಪಾಡು, ದುರಸ್ತಿ, ಇವುಗಳನ್ನು ರಾಜ್ಯ ಸರ್ಕಾರದ ಪರವಾನಗಿ ಪಡೆದ ಗುತ್ತಿಗೆದಾರನು, ಅರ್ಹತಾ ಪ್ರಮಾಣಪತ್ರ ಹೊಂದಿದ ಮೇಲ್ವಿಚಾರಕನ ನೇರ ಉಸ್ತುವಾರಿಯಲ್ಲಿ, ಪರ್ಮಿಟ್ ಇರುವ ವೈರ್‌ಮನ್‌ನಿಂದ ಮಾಡಿಸಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಮತ್ತು 250 ವೋಲ್ಟ್ ಮೀರದ ಗೃಹೋಪಯೋಗಿ ಸಾಧನಗಳನ್ನು ಬದಲಿಸುವುದಕ್ಕೆ ಮಾತ್ರ ಇದರಿಂದ ವಿನಾಯಿತಿಯಿದೆ. ವಿನಾಯಿತಿಗೂ ಒಂದು ಷರತ್ತುಂಟು: ಬದಲಾವಣೆಯಿಂದ ಅಳವಡಿಕೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ವ್ಯತ್ಯಾಸವಾಗಬಾರದು.

ಈ ಷರತ್ತನ್ನು ಗೀಸರಿಗೆ ಅನ್ವಯಿಸಿದರೆ ಗಡಿ ಎಲ್ಲಿದೆಯೆಂಬುದು ತಿಳಿಯುತ್ತದೆ. ಕೆಟ್ಟುಹೋದ 2 ಕಿಲೋವ್ಯಾಟ್ ಗೀಸರಿನ ಜಾಗದಲ್ಲಿ ಅಷ್ಟೇ ಸಾಮರ್ಥ್ಯದ ಇನ್ನೊಂದನ್ನು ಅದೇ ಸಾಕೆಟ್ಟಿಗೆ ಜೋಡಿಸುವುದು ಸಾಧನದ ಬದಲಾವಣೆ. 2 ಕಿಲೋವ್ಯಾಟಿನ ಜಾಗದಲ್ಲಿ 3 ಕಿಲೋವ್ಯಾಟಿನದನ್ನು ಕೂರಿಸುವುದು ಸಾಮರ್ಥ್ಯದ ಬದಲಾವಣೆ. ಹೊಸ ಪಾಯಿಂಟು ತೆಗೆಯುವುದು, ತಂತಿ ಬದಲಿಸುವುದು, ಎಂಸಿಬಿಯ ಪ್ರಮಾಣ ಏರಿಸುವುದು ಇವೆಲ್ಲ ಮಾರ್ಪಾಡುಗಳು. ಸ್ವಂತ ಮನೆಯೆಂಬ ಕಾರಣಕ್ಕೆ ಮಾಲೀಕನಿಗೆ ಪ್ರತ್ಯೇಕ ರಿಯಾಯಿತಿ ಇಲ್ಲ. ಊರಲ್ಲಿ ಮೋಟಾರು ಕಟ್ಟುವವನು, ಮನೆ ವೈರಿಂಗ್ ಮಾಡುವವನು, ಟಿವಿ ರಿಪೇರಿಯವನು ಒಬ್ಬನೇ ಆಗಿರುವುದು ಸಾಮಾನ್ಯ. ಅವನ ಕೈಚಳಕ ಒಳ್ಳೆಯದೇ ಇರಬಹುದು, ಆದರೆ ನಿಯಮ ಕೇಳುವುದು ಪರ್ಮಿಟ್ಟನ್ನು. ಪರ್ಮಿಟ್ ಇದ್ದವನು ಪರೀಕ್ಷಾ ವರದಿಗೆ ಹೊಣೆಗಾರನಾಗುತ್ತಾನೆ ಎಂಬುದೇ ಇದರ ಪ್ರಯೋಜನ.

ಸಾಧನಗಳ ಗುಣಮಟ್ಟಕ್ಕೆ ಭಾರತೀಯ ಮಾನಕ ಬ್ಯೂರೋದ ಮಾನಕಗಳು ಅನ್ವಯಿಸುತ್ತವೆ. ಶೇಖರಣಾ ಗೀಸರಿಗೆ ಐಎಸ್ 2082, ಇನ್‌ಸ್ಟಂಟ್ ಗೀಸರಿಗೆ ಐಎಸ್ 8978, ಮುಳುಗಿಸುವ ಕಾಯಿಲ್‌ಗೆ ಐಎಸ್ 368, ಪಿವಿಸಿ ಹೊದಿಕೆಯ ತಂತಿಗೆ ಐಎಸ್ 694, ಪ್ಲಗ್ ಮತ್ತು ಸಾಕೆಟ್ಟಿಗೆ ಐಎಸ್ 1293 ಸಂಖ್ಯೆಯ ಮಾನಕಗಳಿವೆ. ವೈರಿಂಗಿನ ವಿಧಾನವನ್ನು ಐಎಸ್ 732, ಭೂಸಂಪರ್ಕವನ್ನು ಐಎಸ್ 3043 ವಿವರಿಸುತ್ತವೆ. ನೀರು ಕಾಯಿಸುವ ಈ ಮೂರೂ ಬಗೆಯ ಸಾಧನಗಳು ಐಎಸ್‌ಐ ಗುರುತಿಲ್ಲದೆ ಮಾರಾಟವಾಗುವಂತಿಲ್ಲ. ಆದರೂ ಗುರುತಿಲ್ಲದ ಕಾಯಿಲ್‌ಗಳು ಸಂತೆಗಳಲ್ಲಿ ಸಿಗುವುದುಂಟು.

ಪ್ರವಾಹ ಮತ್ತು ತಂತಿಯ ಗಾತ್ರ

ಗೃಹಬಳಕೆಯ ಏಕಫೇಸ್ ಪೂರೈಕೆಯ ಒತ್ತಡ 230 ವೋಲ್ಟ್. ಸಾಧನದ ವ್ಯಾಟ್ ಸಂಖ್ಯೆಯನ್ನು ಇದರಿಂದ ಭಾಗಿಸಿದರೆ ಅದು ಎಳೆಯುವ ಪ್ರವಾಹ ದೊರೆಯುತ್ತದೆ. 2 ಕಿಲೋವ್ಯಾಟ್ ಗೀಸರ್ ಸುಮಾರು 8.7 ಆಂಪಿಯರ್, 3 ಕಿಲೋವ್ಯಾಟಿನದು ಸುಮಾರು 13 ಆಂಪಿಯರ್, 4.5 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರ್ ಸುಮಾರು 19.6 ಆಂಪಿಯರ್ ಎಳೆಯುತ್ತವೆ. ಕೊನೆಯದನ್ನು 16 ಆಂಪಿಯರ್ ಸಾಕೆಟ್ಟಿಗೆ ಚುಚ್ಚುವಂತಿಲ್ಲ. ಅದಕ್ಕೆ ಸೂಕ್ತ ಪ್ರಮಾಣದ ಡಬಲ್ ಪೋಲ್ ಸ್ವಿಚ್ಚಿನಿಂದ ನೇರ ಜೋಡಣೆ ಬೇಕು.

ರಾಷ್ಟ್ರೀಯ ವಿದ್ಯುತ್ ಸಂಹಿತೆಯ ಪ್ರಕಾರ ದೀಪ–ಫ್ಯಾನುಗಳ ಒಂದು ಉಪಮಂಡಲದ ಮೇಲೆ 10 ಪಾಯಿಂಟು ಅಥವಾ 800 ವ್ಯಾಟ್ ಮೀರಬಾರದು. ಪವರ್ ಉಪಮಂಡಲದ ಮಿತಿ 3,000 ವ್ಯಾಟ್. ಹಾಗಾಗಿ 3 ಕಿಲೋವ್ಯಾಟಿನ ಗೀಸರೊಂದೇ ಇಡೀ ಪವರ್ ಉಪಮಂಡಲವನ್ನು ಬಳಸಿಕೊಳ್ಳುತ್ತದೆ. ಅದೇ ತಂತಿಯಿಂದ ವಾಷಿಂಗ್ ಮಷೀನಿಗೋ ನೀರೆತ್ತುವ ಮೋಟಾರಿಗೋ ಕವಲು ಕೊಡಬಾರದು.

ವಾಡಿಕೆಯಲ್ಲಿ 2 ಕಿಲೋವ್ಯಾಟ್ ಗೀಸರಿಗೆ 2.5 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿ, 3 ಕಿಲೋವ್ಯಾಟಿನದಕ್ಕೆ 4 ಚದರ ಮಿಲಿಮೀಟರಿನದು ಬಳಕೆಯಲ್ಲಿದೆ. ತೆಳು ತಂತಿಯಿಂದಾಗುವ ತೊಂದರೆಯನ್ನು ಲೆಕ್ಕದಿಂದ ಕಾಣಬಹುದು. 1 ಚದರ ಮಿಲಿಮೀಟರ್ ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 18 ಓಮ್. ಪೆಟ್ಟಿಗೆಯಿಂದ ಗೀಸರಿಗೆ 15 ಮೀಟರ್ ದೂರವಿದ್ದರೆ ಹೋಗಿ ಬರುವ ತಂತಿ 30 ಮೀಟರ್. ಅದರ ರೋಧ 0.54 ಓಮ್. ಅದರಲ್ಲಿ 13 ಆಂಪಿಯರ್ ಹರಿದಾಗ 90 ವ್ಯಾಟಿಗೂ ಹೆಚ್ಚು ಶಾಖ ಗೋಡೆಯೊಳಗಿನ ಪೈಪಿನಲ್ಲೇ ಹುಟ್ಟುತ್ತದೆ. ಅದೇ ದೂರಕ್ಕೆ 2.5 ಚದರ ಮಿಲಿಮೀಟರ್ ತಂತಿ ಹಾಕಿದರೆ ಈ ಶಾಖ 40 ವ್ಯಾಟಿನೊಳಗೆ ಉಳಿಯುತ್ತದೆ. ತಂತಿಯ ಉದ್ದಕ್ಕೂ ಹರಡುವ ಶಾಖಕ್ಕಿಂತ ಸಡಿಲ ಜೋಡಣೆಯಲ್ಲಿ ಒಂದೇ ಬಿಂದುವಿನಲ್ಲಿ ಹುಟ್ಟುವ ಶಾಖ ಹೆಚ್ಚು ಅಪಾಯಕಾರಿ. ಸ್ವಿಚ್ಚಿನ ಹಿಂಭಾಗ ಕಪ್ಪಾಗುವುದು, ಪ್ಲಗ್ ಬಿಸಿಯಾಗುವುದು, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬರುವುದು ಇದರ ಲಕ್ಷಣಗಳು. ಹಳೆಯ ಮನೆಗಳಲ್ಲಿರುವ ಅಲ್ಯೂಮಿನಿಯಂ ತಂತಿಯನ್ನು ಹೊಸ ತಾಮ್ರದ ತಂತಿಗೆ ತಿರುಚಿ ಟೇಪು ಸುತ್ತಿದ ಜಾಗಗಳು ಈ ರೀತಿ ಬೇಗ ಸುಡುತ್ತವೆ.

ಎಂಸಿಬಿ ಅಥವಾ ಫ್ಯೂಸಿನ ಕೆಲಸ ತಂತಿಯನ್ನು ಕಾಯುವುದು. ಆದ್ದರಿಂದ ಅದರ ಪ್ರಮಾಣ ಸಾಧನದ ಪ್ರವಾಹಕ್ಕಿಂತ ಹೆಚ್ಚು, ತಂತಿಯ ಸಾಮರ್ಥ್ಯಕ್ಕಿಂತ ಕಡಿಮೆ ಇರಬೇಕು. 2 ಕಿಲೋವ್ಯಾಟಿಗೆ 16 ಆಂಪಿಯರ್, 3 ಕಿಲೋವ್ಯಾಟಿಗೆ 16 ಅಥವಾ 20 ಆಂಪಿಯರ್ ಎಂಸಿಬಿ ರೂಢಿಯಲ್ಲಿದೆ. ಗೀಸರ್ ಹಾಕಿದೊಡನೆ ಎಂಸಿಬಿ ಬೀಳುತ್ತದೆಂದು ಹಳೆಯ ತಂತಿಯನ್ನು ಹಾಗೆಯೇ ಉಳಿಸಿ ದೊಡ್ಡ ಎಂಸಿಬಿ ಕೂರಿಸುವುದು, ಕಿಟ್‌ಕ್ಯಾಟ್ ಫ್ಯೂಸಿಗೆ ಎರಡೆಳೆ ಮೂರೆಳೆ ತಂತಿ ಕಟ್ಟುವುದು ಇವು ಕಾವಲುಗಾರನನ್ನು ಮಲಗಿಸಿದಂತೆ. ಆಗ ತಂತಿಯೇ ಫ್ಯೂಸಾಗುತ್ತದೆ.

ಗ್ರಾಮೀಣ ಫೀಡರುಗಳ ಕೊನೆಯ ಮನೆಗಳಲ್ಲಿ ಒತ್ತಡ ಕುಸಿಯುವುದರ ಪರಿಣಾಮವೂ ಗೀಸರಿನ ಮೇಲಾಗುತ್ತದೆ. ಕಾಯಿಲಿನ ಶಕ್ತಿ ಒತ್ತಡದ ವರ್ಗಕ್ಕೆ ಅನುಗುಣವಾಗಿರುವುದರಿಂದ 190 ವೋಲ್ಟಿನಲ್ಲಿ 3 ಕಿಲೋವ್ಯಾಟ್ ಗೀಸರ್ ಕೊಡುವುದು ಸುಮಾರು 2 ಕಿಲೋವ್ಯಾಟ್ ಮಾತ್ರ. ನೀರು ಕಾಯಲು ಹೆಚ್ಚು ಹೊತ್ತು ಹಿಡಿಯುತ್ತದೆ. ಗೀಸರ್ ಕೆಟ್ಟಿದೆಯೆಂದು ತಪ್ಪು ತಿಳಿಯಲು ಇದು ಕಾರಣವಾಗುತ್ತದೆ.

ಭೂಸಂಪರ್ಕ ಮತ್ತು ಸೋರು ಪ್ರವಾಹ

ಸ್ನಾನದ ಮನೆಯಲ್ಲಿ ಶಾಕ್ ಹೊಡೆದು ಸಾವು ಸಂಭವಿಸುವ ಪ್ರಕರಣಗಳನ್ನು ಅರ್ಥಮಾಡಿಕೊಳ್ಳಲು ಎಂಸಿಬಿ ಏನನ್ನು ತಡೆಯುವುದಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ಮನುಷ್ಯನ ಮೈಯಲ್ಲಿ ಕೆಲವು ಕ್ಷಣ ಹರಿದರೆ ಹೃದಯದ ಬಡಿತವನ್ನು ಅಸ್ತವ್ಯಸ್ತಗೊಳಿಸಬಲ್ಲ ಪ್ರವಾಹವನ್ನು ಮಿಲಿ ಆಂಪಿಯರುಗಳಲ್ಲಿ, ಎಂದರೆ ಆಂಪಿಯರಿನ ಸಾವಿರದ ಒಂದು ಭಾಗದ ಲೆಕ್ಕದಲ್ಲಿ ಅಳೆಯುತ್ತಾರೆ. 16 ಆಂಪಿಯರಿನ ಎಂಸಿಬಿಗೆ ಅರ್ಧ ಆಂಪಿಯರ್ ಸೋರಿಕೆ ಗೊತ್ತೇ ಆಗುವುದಿಲ್ಲ.

ಹಳ್ಳಿಗಳ ಓವರ್‌ಹೆಡ್ ಸರ್ವಿಸಿನಲ್ಲಿ ಕಂಬದಿಂದ ಮನೆಗೆ ಬರುವುದು ಸಾಮಾನ್ಯವಾಗಿ ಫೇಸ್ ಮತ್ತು ನ್ಯೂಟ್ರಲ್ ಎಂಬ ಎರಡೇ ತಂತಿ. ಅರ್ಥ್ ತಂತಿ ಮನೆಯವರೇ ತೋಡಿದ ಗುಂಡಿಯಿಂದ ಬರುತ್ತದೆ. ಟಿಸಿ ಎಂದು ಜನ ಕರೆಯುವ ವಿತರಣಾ ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ಲಿಗೆ ಬೇರೊಂದು ಗುಂಡಿಯಿರುತ್ತದೆ. ಉದಾಹರಣೆಗೆ, ಮನೆಯ ಅರ್ಥ್ ಗುಂಡಿಯ ರೋಧ 20 ಓಮ್, ಟಿಸಿಯದು 5 ಓಮ್ ಎಂದಿಟ್ಟುಕೊಂಡು, ಗೀಸರಿನ ಕಾಯಿಲ್ ಸೀಳಿ ಫೇಸ್ ಅದರ ಲೋಹದ ಮೈಗೆ ತಾಗಿತೆನ್ನೋಣ. ಮಣ್ಣಿನ ಮೂಲಕ ಹರಿಯುವ ಪ್ರವಾಹ 230 ಭಾಗಿಸು 25, ಎಂದರೆ 9.2 ಆಂಪಿಯರ್. ಇದು 16 ಆಂಪಿಯರಿನ ಎಂಸಿಬಿಯನ್ನು ಬೀಳಿಸದು. ಗೀಸರಿನ ಮೈ ಮೇಲೆ ಉಳಿಯುವ ಒತ್ತಡ 9.2ನ್ನು 20ರಿಂದ ಗುಣಿಸಿದಷ್ಟು, 184 ವೋಲ್ಟ್. ಅದೇ ಅರ್ಥ್ ತಂತಿಗೆ ಸೇರಿದ ಫ್ರಿಜ್ಜು, ಗ್ರೈಂಡರು, ಇಸ್ತ್ರಿಪೆಟ್ಟಿಗೆಗಳ ಲೋಹದ ಮೈಗಳಿಗೂ ಆ ಒತ್ತಡ ತಲಪುತ್ತದೆ. ಅರ್ಥ್ ಇದೆ, ಎಂಸಿಬಿ ಇದೆ, ಆದರೂ ಮನೆ ಸುರಕ್ಷಿತವಲ್ಲ ಎಂಬ ಈ ಸ್ಥಿತಿಯನ್ನು ಬಹಳ ಮಂದಿ ಊಹಿಸಿರುವುದಿಲ್ಲ.

ಈ ಕೊರತೆಯನ್ನು ನೀಗುವ ಸಾಧನ ಆರ್‌ಸಿಸಿಬಿ. ಅಂಗಡಿಗಳಲ್ಲಿ ಇದನ್ನು ಇಎಲ್‌ಸಿಬಿ ಎಂಬ ಹಳೆಯ ಹೆಸರಿನಿಂದಲೂ ಕೇಳುತ್ತಾರೆ. ಫೇಸಿನಲ್ಲಿ ಹೋದ ಪ್ರವಾಹವೆಲ್ಲ ನ್ಯೂಟ್ರಲ್ಲಿನಲ್ಲಿ ಹಿಂತಿರುಗುತ್ತಿದೆಯೇ ಎಂಬುದನ್ನು ಇದು ಸದಾ ಹೋಲಿಸುತ್ತದೆ. 30 ಮಿಲಿ ಆಂಪಿಯರ್ ಸಂವೇದನೆಯ ಸಾಧನವು ಅಷ್ಟು ವ್ಯತ್ಯಾಸ ಕಂಡಾಗ 0.3 ಸೆಕೆಂಡಿನೊಳಗೆ, ಅದರ ಐದು ಪಟ್ಟು ವ್ಯತ್ಯಾಸವಾದಾಗ 0.04 ಸೆಕೆಂಡಿನೊಳಗೆ ಪೂರೈಕೆಯನ್ನು ಕಡಿದುಹಾಕಬೇಕು. ಮೇಲಿನ ಉದಾಹರಣೆಯ 9.2 ಆಂಪಿಯರ್ ಈ ಮಿತಿಯ ಸುಮಾರು ಮುನ್ನೂರು ಪಟ್ಟು. ಗುಂಡಿ ಒಣಗಿ ಅದರ ರೋಧ ನೂರಾರು ಓಮ್ ಆದರೂ ಆರ್‌ಸಿಸಿಬಿ ಬಿದ್ದೇ ಬೀಳುತ್ತದೆ. 2010ರ ನಿಯಮಾವಳಿಯು ಸೋರು ಪ್ರವಾಹದ ರಕ್ಷಣಾ ಸಾಧನವನ್ನು ಕಡ್ಡಾಯಗೊಳಿಸಿದಾಗ 5 ಕಿಲೋವ್ಯಾಟಿಗಿಂತ ಕಡಿಮೆ ಹೊರೆಯ ಏಕಫೇಸ್ ಮನೆಗಳನ್ನು ಹೊರಗಿಟ್ಟಿತ್ತು. ಹಳ್ಳಿಯ ಬಹುತೇಕ ಮನೆಗಳು ಆ ಮಿತಿಯೊಳಗೇ ಬರುತ್ತವೆ. ವಿನಾಯಿತಿಯಿದ್ದ ಮನೆಗಳಲ್ಲಿಯೇ ಭೂಸಂಪರ್ಕ ದುರ್ಬಲವಾಗಿರುವ ಸಂಭವ ಹೆಚ್ಚೆಂಬುದನ್ನು ಗಮನಿಸಬೇಕು.

ಆರ್‌ಸಿಸಿಬಿ ಇದ್ದ ಮಾತ್ರಕ್ಕೆ ಅರ್ಥ್ ಬೇಡವೆಂದಲ್ಲ. ಅರ್ಥ್ ತಂತಿಯಿದ್ದರೆ ಕಾಯಿಲ್ ಸೀಳಿದ ಕ್ಷಣವೇ ಸೋರಿಕೆ ಹರಿದು ಆರ್‌ಸಿಸಿಬಿ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಯಾರಾದರೂ ಮುಟ್ಟಿದಾಗ, ಅವರ ಮೈಯ ಮೂಲಕವೇ ಆ ಸೋರಿಕೆ ಹರಿಯಬೇಕು. ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರನ್ನು ಅದು ಕಾಪಾಡದು. ತಂತಿಯ ಮೇಲಿನ ಅತಿಹೊರೆಯನ್ನೂ ಅದು ತಡೆಯದು. ಅದಕ್ಕೆ ಎಂಸಿಬಿ ಬೇಕೇ ಬೇಕು. ಎರಡೂ ಕೆಲಸ ಮಾಡುವ ಆರ್‌ಸಿಬಿಒ ಎಂಬ ಸಂಯುಕ್ತ ಸಾಧನವೂ ದೊರೆಯುತ್ತದೆ.

ಐಎಸ್ 3043 ಹೇಳುವ ಸಾಮಾನ್ಯ ಅರ್ಥ್ ಗುಂಡಿಯಲ್ಲಿ ಕನಿಷ್ಠ 38 ಮಿಲಿಮೀಟರ್ ಒಳವ್ಯಾಸದ, ಕನಿಷ್ಠ 2.5 ಮೀಟರ್ ಉದ್ದದ ಸತುಲೇಪಿತ ಪೈಪನ್ನು ಲಂಬವಾಗಿ ಹೂಳಲಾಗುತ್ತದೆ. ಗುಂಡಿಗೆ ಇದ್ದಿಲು ಮತ್ತು ಉಪ್ಪು ತುಂಬುವ ರೂಢಿಯಿದೆ. ಯಾದಗಿರಿ ಜಿಲ್ಲೆಯ ನೆಲ ಎಲ್ಲ ಕಡೆ ಒಂದೇ ತೆರನಲ್ಲ. ಎರೆ ಭೂಮಿ ಹಸಿಯಾಗಿದ್ದಾಗ ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಟ್ಟಾಗ ಮಣ್ಣು ಪೈಪಿನಿಂದ ದೂರ ಸರಿಯುತ್ತದೆ. ಕಲ್ಲು ನೆಲದಲ್ಲಿ 2.5 ಮೀಟರ್ ತೋಡುವುದೇ ಕಷ್ಟವಾದ್ದರಿಂದ ಎರಡಡಿ ಸರಳು ಹೊಡೆದು ಬಿಡುವುದುಂಟು. ಮಳೆಗಾಲದಲ್ಲಿ ಅಳೆದ ರೋಧ ಬೇಸಿಗೆಗೆ ಅನ್ವಯಿಸುವುದಿಲ್ಲ. ಪೂರೈಕೆದಾರರ ಭೂಸಂಪರ್ಕಗಳನ್ನು ಒಣ ಋತುವಿನ ಒಣ ದಿನದಲ್ಲಿ ಪರೀಕ್ಷಿಸಬೇಕೆಂದು ನಿಯಮಗಳು ಹೇಳುವುದು ಇದೇ ಕಾರಣಕ್ಕೆ. ಮನೆಯ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವ ವಾಡಿಕೆಗೂ ಇದೇ ಆಧಾರ.

ಕೆಲವು ತಪ್ಪು ಪದ್ಧತಿಗಳು ಬಹಳ ಹರಡಿಕೊಂಡಿವೆ. ನೀರಿನ ನಲ್ಲಿ ಪೈಪಿಗೆ ಅರ್ಥ್ ಕಟ್ಟುವುದು ಅವುಗಳಲ್ಲೊಂದು. ಕಬ್ಬಿಣದ ಪೈಪುಗಳ ಜಾಗಕ್ಕೆ ಪಿವಿಸಿ ಬಂದ ಮೇಲೆ ಅದು ನೆಲಕ್ಕೆ ತಲಪುವುದೇ ಇಲ್ಲ. ಸಾಕೆಟ್ಟಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಪಿನ್ನುಗಳನ್ನು ತುಂಡು ತಂತಿಯಿಂದ ಜೋಡಿಸುವುದು ಇನ್ನೊಂದು. ಕಂಬದಲ್ಲಿ ನ್ಯೂಟ್ರಲ್ ಕಡಿದ ದಿನ ಗೀಸರಿನ ಮೈಗೆ ಪೂರ್ಣ ಒತ್ತಡ ಬರುತ್ತದೆ. ನ್ಯೂಟ್ರಲ್ ಹೋದಾಗ ಅರ್ಥ್ ಗುಂಡಿಯನ್ನೇ ನ್ಯೂಟ್ರಲ್ ಮಾಡಿಕೊಂಡು ದೀಪ ಉರಿಸುವುದು ಮೂರನೆಯದು. ಇಂಥ ಮನೆಯ ಗೀಸರನ್ನು ಮಾತ್ರವಲ್ಲ, ಅರ್ಥ್ ತಂತಿಯನ್ನು ಮುಟ್ಟುವುದೂ ಅಪಾಯ.

ಸ್ನಾನದ ಮನೆಯಲ್ಲಿ ಜಾಗದ ಆಯ್ಕೆ

ಅಂತರರಾಷ್ಟ್ರೀಯ ಮಾನಕ ಐಇಸಿ 60364 ಸ್ನಾನದ ಕೋಣೆಯನ್ನು ನೀರಿನ ಸಾಮೀಪ್ಯಕ್ಕೆ ಅನುಗುಣವಾಗಿ ವಲಯಗಳಾಗಿ ವಿಂಗಡಿಸುತ್ತದೆ. ಶವರಿನ ಕೆಳಗಿನ ಜಾಗ ನೆಲದಿಂದ 2.25 ಮೀಟರ್ ಎತ್ತರದವರೆಗೆ ಒಂದನೆಯ ವಲಯ. ಅಲ್ಲಿ ಸಾಮಾನ್ಯ ಸಾಕೆಟ್ಟಾಗಲಿ ಸ್ವಿಚ್ಚಾಗಲಿ ಇರಬಾರದು. ಕೋಣೆಯ ಅಗಲವೇ ನಾಲ್ಕಡಿ ಇರುವ ಬಚ್ಚಲಿನಲ್ಲಿ ಈ ವಿಂಗಡಣೆಯನ್ನು ಅಕ್ಷರಶಃ ಪಾಲಿಸುವುದು ಕಷ್ಟ. ಅಲ್ಲಿ ಸರಳವಾದ ಪರಿಹಾರವೆಂದರೆ ಡಬಲ್ ಪೋಲ್ ಸ್ವಿಚ್ಚನ್ನು ಬಾಗಿಲಿನ ಹೊರಗೆ ಇಡುವುದು ಮತ್ತು ಗೀಸರನ್ನು ನೀರು ಎರಚದಷ್ಟು ಎತ್ತರದಲ್ಲಿ ತೂಗುಹಾಕುವುದು. ಡಬಲ್ ಪೋಲ್ ಸ್ವಿಚ್ಚು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಒಮ್ಮೆಗೇ ಕಡಿಯುತ್ತದೆ. ಮೀಟರಿನ ಬಳಿಯೋ ಕಂಬದಲ್ಲೋ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿದ್ದರೂ ಸ್ವಿಚ್ ಆರಿಸಿದ ಗೀಸರಿನಲ್ಲಿ ವಿದ್ಯುತ್ ಉಳಿಯುವುದಿಲ್ಲ; ಒಂಟಿ ಪೋಲಿನ ಸ್ವಿಚ್ಚಿನಲ್ಲಿ ಈ ಭರವಸೆಯಿಲ್ಲ.

ಕಾಯಿಲ್ ಬಳಕೆಗೆ ಈ ಯಾವ ವ್ಯವಸ್ಥೆಯೂ ಪೂರ್ಣವಾಗಿ ಒದಗದು. ಅದರ ಬಿಸಿ ಲೋಹ ಬಕೆಟ್ಟಿನ ನೀರಿನಲ್ಲೇ ಇರುವುದರಿಂದ ಹೊದಿಕೆ ಒಡೆದರೆ ನೀರೇ ವಿದ್ಯುನ್ಮಯವಾಗುತ್ತದೆ. ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲಷ್ಟೇ ನೀರಿಗೆ ಕೈಯಿಡಬೇಕು. ನೀರು ಕಾದಿದೆಯೇ ಎಂದು ಬೆರಳು ಅದ್ದಿ ನೋಡುವ ಅಭ್ಯಾಸ ಜೀವ ತೆಗೆಯಬಲ್ಲದು.

ಕೆಲಸದ ಕ್ರಮ ಮತ್ತು ಪರೀಕ್ಷೆ

ಹಳೆಯ ಮಂಡಲವನ್ನು ಬದಲಿಸುವಾಗ ವೈರ್‌ಮನ್ ಮೊದಲು ಮೇನ್ ಸ್ವಿಚ್ಚನ್ನು ಆರಿಸಿ, ಬೇರೆಯವರು ಅದನ್ನು ಹಾಕದಂತೆ ವ್ಯವಸ್ಥೆ ಮಾಡಿ, ವಿದ್ಯುತ್ ಇಲ್ಲವೆಂಬುದನ್ನು ಮೀಟರಿನಿಂದಲೋ ಟೆಸ್ಟ್ ಲ್ಯಾಂಪಿನಿಂದಲೋ ಖಚಿತಪಡಿಸಿಕೊಳ್ಳುತ್ತಾನೆ. ನಿಯಾನ್ ದೀಪದ ಟೆಸ್ಟರ್ ಉರಿಯಲಿಲ್ಲವೆಂಬುದು ಸಾಕಷ್ಟು ಆಧಾರವಲ್ಲ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆರಿಸಿದ ಮೇಲೂ ಕೆಲವು ತಂತಿಗಳಲ್ಲಿ ವಿದ್ಯುತ್ ಉಳಿದಿರುತ್ತದೆ. ಅದನ್ನೂ ಪ್ರತ್ಯೇಕವಾಗಿ ಆರಿಸಬೇಕು. ನಂತರ ವಿತರಣಾ ಪೆಟ್ಟಿಗೆಯಿಂದ ಗೀಸರಿನವರೆಗೆ ಫೇಸಿಗೆ ಕೆಂಪು, ನ್ಯೂಟ್ರಲ್ಲಿಗೆ ಕಪ್ಪು, ಅರ್ಥಿಗೆ ಹಸಿರು ತಂತಿಗಳನ್ನು ನಡುವೆ ಎಲ್ಲಿಯೂ ತುಂಡಿಲ್ಲದೆ ಪೈಪಿನೊಳಗೆ ಎಳೆಯಲಾಗುತ್ತದೆ.

ಆರ್‌ಸಿಸಿಬಿ ಜೋಡಿಸುವಾಗ ಆಗುವ ಸಾಮಾನ್ಯ ದೋಷವೆಂದರೆ ಅದರಾಚೆಗಿನ ಮಂಡಲಕ್ಕೆ ಬೇರೊಂದು ಮಂಡಲದ ನ್ಯೂಟ್ರಲ್ ಬಳಸುವುದು. ಹಾಗಾದಾಗ ಹೋದ ಪ್ರವಾಹ ಅದೇ ದಾರಿಯಲ್ಲಿ ಹಿಂತಿರುಗದೆ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. ದೋಷ ಹುಡುಕುವ ಬದಲು ಆರ್‌ಸಿಸಿಬಿಯನ್ನೇ ಬಿಟ್ಟು ನೇರ ಜೋಡಿಸಿದ ಪೆಟ್ಟಿಗೆಗಳು ಅಪರೂಪವಲ್ಲ. ಅಂಥ ಪೆಟ್ಟಿಗೆಯಲ್ಲಿ ಸಾಧನ ಕಣ್ಣಿಗೆ ಕಾಣುತ್ತದೆ, ರಕ್ಷಣೆ ಇರುವುದಿಲ್ಲ.

ತಂತಿ ಎಳೆದ ಮೇಲೆ, ಗೀಸರ್ ಜೋಡಿಸುವ ಮೊದಲು, 500 ವೋಲ್ಟ್ ಮೆಗ್ಗರಿನಿಂದ ಫೇಸ್ ಮತ್ತು ನ್ಯೂಟ್ರಲ್ ತಂತಿಗಳಿಗೂ ಅರ್ಥಿಗೂ ನಡುವಿನ ನಿರೋಧನವನ್ನು ಒಂದು ನಿಮಿಷ ಅಳೆಯಲಾಗುತ್ತದೆ. ನಿಯಮದ ಪ್ರಕಾರ ಅದು 1 ಮೆಗಾ ಓಮ್‌ಗಿಂತ ಕಡಿಮೆಯಿರಬಾರದು. ಅರ್ಥ್ ತಂತಿ ಸಾಕೆಟ್ಟಿನಿಂದ ಗುಂಡಿಯವರೆಗೆ ಅಖಂಡವಾಗಿದೆಯೇ, ಫೇಸ್ ಮತ್ತು ನ್ಯೂಟ್ರಲ್ ತಮ್ಮ ತಮ್ಮ ಜಾಗದಲ್ಲಿವೆಯೇ, ಗುಂಡಿಯ ರೋಧವೆಷ್ಟು ಎಂಬುದನ್ನು ನೋಡಿ, ಕೊನೆಗೆ ವಿದ್ಯುತ್ ಹರಿಸಿ ಆರ್‌ಸಿಸಿಬಿಯ ಪರೀಕ್ಷಾ ಗುಂಡಿಯನ್ನು ಒತ್ತಲಾಗುತ್ತದೆ. ಈ ಅಳತೆಗಳನ್ನು ಗುತ್ತಿಗೆದಾರನು ವರದಿಯಲ್ಲಿ ಬರೆದು ಸಹಿ ಮಾಡುತ್ತಾನೆ. ಮನೆಯವರು ತಾವೇ ಮಾಡಬಹುದಾದ, ಮಾಡಲೇಬೇಕಾದ ಪರೀಕ್ಷೆ ಒಂದೇ: ಮೇಲಿನ ಪರೀಕ್ಷಾ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತುವುದು. ವಿದ್ಯುತ್ ಇದ್ದಾಗಲೂ ಒತ್ತಿದರೆ ಬೀಳದ ಆರ್‌ಸಿಸಿಬಿಯನ್ನು ಬದಲಿಸಬೇಕು.

ಗಡಸು ನೀರಿನ ಪರಿಣಾಮ

ಕೊಳವೆಬಾವಿಯ ಗಡಸು ನೀರು ಕಾದಾಗ ಸುಣ್ಣದ ಪದರು ಕಾಯಿಲಿನ ಮೇಲೆ ಕಟ್ಟುತ್ತದೆ. ಶಾಖ ನೀರಿಗೆ ಬೇಗ ದಾಟದೆ ಕಾಯಿಲಿನ ಲೋಹದ ಕವಚ ಅತಿಯಾಗಿ ಕಾದು ಸೀಳುತ್ತದೆ. ಒಳಗಿನ ಫೇಸ್ ತಂತಿಗೂ ನೀರಿಗೂ ಸಂಪರ್ಕವಾಗುತ್ತದೆ. ಹಿಂದೆ ಹೇಳಿದ ಸೋರಿಕೆ ಬಹುತೇಕ ಹುಟ್ಟುವುದು ಹೀಗೆಯೇ. ನೀರು ಮುಟ್ಟಿದಾಗ ಅಥವಾ ನಲ್ಲಿ ತಿರುಗಿಸಿದಾಗ ಜುಂ ಎನ್ನುವ ಅನುಭವ ಇದರ ಮೊದಲ ಸೂಚನೆ. ಗೀಸರ್ ಹಾಕಿದ ಸ್ವಲ್ಪ ಹೊತ್ತಿಗೆ ಆರ್‌ಸಿಸಿಬಿ ಬೀಳುವುದೂ ಅದೇ ಸೂಚನೆಯಾಗಿರಬಹುದು. ಅಂಥ ಗೀಸರಿನ ಕಾಯಿಲ್ ಬದಲಾಗುವವರೆಗೆ ಅದನ್ನು ಬಳಸಬಾರದು. ಥರ್ಮೋಸ್ಟಾಟ್ ಕೆಟ್ಟು ನೀರು ಕುದಿಯುವ ಅಪಾಯಕ್ಕೆ ಪ್ರತಿಯಾಗಿ ಶೇಖರಣಾ ಗೀಸರುಗಳಲ್ಲಿ ಉಷ್ಣ ಕಡಿತದ ಸಾಧನ ಮತ್ತು ಒತ್ತಡ ಬಿಡುಗಡೆಯ ವಾಲ್ವು ಇರುತ್ತವೆ. ತೊಟ್ಟಿಕ್ಕುತ್ತದೆಂದು ಆ ವಾಲ್ವಿನ ಬಾಯಿ ಮುಚ್ಚಬಾರದು.

ಮಂಜೂರಾದ ಲೋಡ್ ಮತ್ತು ಬಿಲ್ಲು

ಹೊಸ ಗೀಸರಿನಿಂದ ಮನೆಯ ಹೊರೆ ಮಂಜೂರಾದ ಲೋಡನ್ನು ಮೀರಿದರೆ ಗ್ರಾಹಕನು ಹೆಚ್ಚುವರಿ ಲೋಡಿಗೆ ಜೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಅರ್ಜಿ ಸಲ್ಲಿಸಬೇಕಾಗುತ್ತದೆ. ಮಂಜೂರಾದ ಕಿಲೋವ್ಯಾಟುಗಳ ಮೇಲೆ ನಿಗದಿತ ಶುಲ್ಕ ಬೀಳುವುದರಿಂದ ಇದನ್ನು ಮುಂದೂಡುವವರೇ ಹೆಚ್ಚು.

15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 0.6 ಯೂನಿಟ್ ಬೇಕು. 2 ಕಿಲೋವ್ಯಾಟ್ ಗೀಸರಿನಲ್ಲಿ ಇದಕ್ಕೆ ಹದಿನೆಂಟು ನಿಮಿಷ ಹಿಡಿಯುತ್ತದೆ. ದಿನಕ್ಕೆ ಎರಡು ಸಲದ ಲೆಕ್ಕದಲ್ಲಿ ತಿಂಗಳಿಗೆ 36 ಯೂನಿಟ್, ಶಾಖನಷ್ಟ ಸೇರಿದರೆ ಇನ್ನೂ ಹೆಚ್ಚು. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಚಾಲನೆಗೊಂಡ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಯೂನಿಟುಗಳ ಗರಿಷ್ಠ ಮಿತಿ 200. ಆದರೆ ಪ್ರತಿ ಮನೆಯ ಅರ್ಹತೆ ಹಿಂದಿನ ವರ್ಷದ ಸರಾಸರಿ ಬಳಕೆಯನ್ನು ಆಧರಿಸಿ, ಅದಕ್ಕೆ ಶೇಕಡಾ 10 ಸೇರಿಸಿ ನಿಗದಿಯಾಯಿತು. ಆಗ ಗೀಸರಿಲ್ಲದೆ ತಿಂಗಳಿಗೆ 60 ಯೂನಿಟ್ ಬಳಸುತ್ತಿದ್ದ ಮನೆಗೆ ಆ ಲೆಕ್ಕದಲ್ಲಿ ದೊರೆತದ್ದು 66 ಯೂನಿಟ್. ಗೀಸರಿನ 36 ಯೂನಿಟಿನಲ್ಲಿ ಹೆಚ್ಚಿನ ಪಾಲಿಗೆ ಹಣ ಕೊಡಬೇಕಾಗುತ್ತದೆ. ಮಾಳಿಗೆಯ ಮೇಲೆ ಸೌರ ಜಲತಾಪಕ ಇಡಲು ಅನುಕೂಲವಿರುವ ಮನೆಗಳಿಗೆ ಅದು ಪರ್ಯಾಯ. ಬಿಸಿಲಿಗೆ ಕೊರತೆಯಿಲ್ಲದ ಈ ಜಿಲ್ಲೆಯಲ್ಲಿ ಸ್ನಾನದ ಮನೆಯಿಂದ ವಿದ್ಯುತ್ತನ್ನು ಪೂರ್ಣವಾಗಿ ಹೊರಗಿಡುವ ಉಪಾಯವೂ ಅದೇ. ಆದರೆ ಸೌರ ಜಲತಾಪಕದೊಳಗೆ ಮೋಡದ ದಿನಗಳಿಗೆಂದು ವಿದ್ಯುತ್ ಕಾಯಿಲ್ ಅಳವಡಿಸಿದ್ದರೆ ಈ ಲೇಖನದ ನಿಯಮಗಳೆಲ್ಲ ಅದಕ್ಕೂ ಅನ್ವಯಿಸುತ್ತವೆ.

ಅಪಘಾತ ಸಂಭವಿಸಿದಾಗ

ಶಾಕ್ ತಗುಲಿದವರನ್ನು ಕೈಯಿಂದ ಎಳೆಯುವುದಕ್ಕೆ ಮೊದಲು ಮೇನ್ ಸ್ವಿಚ್ ಆರಿಸಬೇಕು. ಉಸಿರಾಟ ನಿಂತಿದ್ದರೆ ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ತಕ್ಷಣ ಆರಂಭಿಸಿ, 108 ಸಂಖ್ಯೆಗೆ ಕರೆಮಾಡಬೇಕು. ವಿದ್ಯುಚ್ಛಕ್ತಿ ಕಾಯ್ದೆಯ 161ನೆಯ ಕಲಮಿನನ್ವಯ ವಿದ್ಯುತ್ತಿನಿಂದಾದ ಸಾವು ಅಥವಾ ಗಾಯವನ್ನು ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು. ಅವರು ಸ್ಥಳ ಪರಿಶೀಲಿಸಿ ಕಾರಣವನ್ನು ವರದಿ ಮಾಡುತ್ತಾರೆ. ಹಾಗಾಗಿ ಗೀಸರು, ಸ್ವಿಚ್ಚು, ತಂತಿಗಳನ್ನು ವಿದ್ಯುತ್ ಕಡಿದ ಸ್ಥಿತಿಯಲ್ಲಿ ಇದ್ದಂತೆಯೇ ಬಿಡುವುದು ಅಗತ್ಯ. ಪರವಾನಗಿ ಪಡೆದ ಗುತ್ತಿಗೆದಾರನ ವರದಿ ಮನೆಯಲ್ಲಿದ್ದರೆ ವೈರಿಂಗ್ ಯಾವ ಸ್ಥಿತಿಯಲ್ಲಿತ್ತೆಂಬುದಕ್ಕೆ ಅದು ದಾಖಲೆಯಾಗುತ್ತದೆ.

ಇತರ ದೇಶಗಳಲ್ಲಿ

ಬ್ರಿಟನ್ನಿನ ಎಲೆಕ್ಟ್ರಿಕ್ ಶವರ್ ತಣ್ಣೀರನ್ನು ಹರಿಯುತ್ತಿರುವಾಗಲೇ ಕಾಯಿಸುತ್ತದೆ. 3 ಕಿಲೋವ್ಯಾಟ್ ಶಕ್ತಿಯಿಂದ ನೀರಿನ ಉಷ್ಣಾಂಶವನ್ನು 20 ಡಿಗ್ರಿ ಏರಿಸಿದರೆ ನಿಮಿಷಕ್ಕೆ ದೊರೆಯುವುದು ಸುಮಾರು 2 ಲೀಟರ್ ಮಾತ್ರ. ಶವರಿಗೆ ಸಾಕಾಗುವಷ್ಟು ಹರಿವಿಗಾಗಿ ಅಲ್ಲಿಯ ಸಾಧನಗಳು 7ರಿಂದ 10 ಕಿಲೋವ್ಯಾಟಿನಷ್ಟು ಶಕ್ತಿ ಬಳಸುತ್ತವೆ, 9.5 ಕಿಲೋವ್ಯಾಟಿನದು 41 ಆಂಪಿಯರ್ ಎಳೆಯುವುದರಿಂದ ಅದಕ್ಕೆ ಹೆಚ್ಚಾಗಿ 10 ಚದರ ಮಿಲಿಮೀಟರ್ ತಂತಿ ಹಾಕುತ್ತಾರೆ. ಕರ್ನಾಟಕದ ಸಾಮಾನ್ಯ ಮನೆಯ ಸರ್ವಿಸ್ ತಂತಿ ಮತ್ತು ಮೀಟರು ಇಂಥ ಹೊರೆಗೆಂದು ಆದವಲ್ಲ. ಭಾರತದಲ್ಲಿ ಶೇಖರಣಾ ಗೀಸರ್ ಉಳಿದುಕೊಳ್ಳಲು ಇದು ಮುಖ್ಯ ಕಾರಣ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಜನವರಿ 1ರಿಂದ ಕಟ್ಟಡ ನಿಯಮಗಳ ‘ಪಿ’ ಭಾಗ ಜಾರಿಯಲ್ಲಿದೆ. ಅದರಂತೆ ಮನೆಯ ಮಾಲೀಕನು ಶವರಿನ ಹೊಸ ಮಂಡಲವನ್ನು ತಾನೇ ಅಳವಡಿಸಬಹುದು; ಆದರೆ ಕೆಲಸಕ್ಕೆ ಮೊದಲು ಸ್ಥಳೀಯ ಕಟ್ಟಡ ನಿಯಂತ್ರಣ ಕಚೇರಿಗೆ ತಿಳಿಸಿ, ಪರಿಶೀಲನೆಗೆ ಒಳಪಡಿಸಬೇಕು. ನೋಂದಾಯಿತ ಎಲೆಕ್ಟ್ರಿಷಿಯನ್ ಆದರೆ ತನ್ನ ಕೆಲಸವನ್ನು ತಾನೇ ಪ್ರಮಾಣೀಕರಿಸುತ್ತಾನೆ. ಆಸ್ಟ್ರೇಲಿಯಾದಲ್ಲಿ ಭಾರತದಂತೆಯೇ ಇಂಥ ಕೆಲಸ ಪರವಾನಗಿದಾರರಿಗೆ ಮೀಸಲು.